ಕೋಳಿ ಸಾರಿಗೆ ಯಾವ ಫ್ರೆಂಚ್ ರೆಡ್ ವೈನ್? ಬೋರ್ಡೋ, ರೋನ್, ಬ್ರೂಯಿ ಕುಡಿದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರೂಯಿಗೆ. ಲಿಯೋನ್‌ಗೆ ಬಂದು ನಾಲ್ಕು ವರ್ಷವಾಯಿತು. ಬಾಟಲಿಗೆ 10, ಹೆಚ್ಚೆಂದರೆ 12 ಯೂರೋ ಅನ್ನುವುದು ನನ್ನ ಲೆಕ್ಕ. ಅಡುಗೆ ನಮ್ಮ ತೀರ್ಥಹಳ್ಳಿ ಕಡೆಯದ್ದೇ, ಖಾರವೂ ಹಾಗೇ.

ಹೋದ ವರ್ಷ ಅಕ್ಕ, ಭಾವ ಬಂದಿದ್ದರು. ಕಡುಬು, ಕೋಳಿ ಸಾರು ಮಾಡಿದ್ದೆ. ಫ್ರಾನ್ಸ್‌ಗೆ ಬಂದವರಿಗೆ ಬೋರ್ಡೋ ಕುಡಿಸದೆ ಕಳಿಸೋದಾ ಅಂತ ಸೂಪರ್‌ಮಾರ್ಕೆಟ್‌ನಿಂದ 6 ಯೂರೋದ ಬಾಟಲಿ ತಂದೆ. ಲೇಬಲ್ ಮೇಲೆ ಶಾತೋ ಅಂತ ಹೆಸರು, ಅರಮನೆಯ ಚಿತ್ರ, ಚಿನ್ನದ ಪದಕದ ಸ್ಟಿಕರ್. ಭಾವ ಒಂದು ತುತ್ತು ತಿಂದು ಒಂದು ಗುಟುಕು ಕುಡಿದವರೇ, "ಏನಮ್ಮಾ ಇದು, ಅಡಿಕೆ ಚೊಗರು ಕುಡಿದ ಹಾಗಿದೆ" ಅಂದರು.

ಅವರು ಹೇಳಿದ್ದು ಸರಿಯೇ. ಆ ಒಗರು ಟ್ಯಾನಿನ್‌ನದು, ಅಡಿಕೆಯಲ್ಲೂ ಅದೇ ಇರುವುದು. ವೈನ್‌ಗೆ ಅದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಇಳಿಯುತ್ತದೆ, ಬೋರ್ಡೋದ ಕ್ಯಾಬರ್ನೆ ಸೋವಿನ್ಯೋ ದ್ರಾಕ್ಷಿಯಲ್ಲಂತೂ ಜಾಸ್ತಿ. ಮೆಣಸಿನಕಾಯಿ ಖಾರಕ್ಕೆ ನಾಲಿಗೆ ಉರಿಯುತ್ತಿರುವಾಗ ಅದರ ಮೇಲೆ ಈ ಒಗರು ಬಿದ್ದರೆ ಉರಿಯೂ ಏರುತ್ತದೆ, ಒಗರೂ ಏರುತ್ತದೆ, ಹಣ್ಣಿನ ರುಚಿ ಮಾತ್ರ ಎಲ್ಲೂ ಸಿಗುವುದಿಲ್ಲ. ಮಾರನೇ ದಿನ ಉಳಿದಿದ್ದನ್ನು ಕೋಂತೆ ಚೀಸ್ ಜೊತೆ ಕುಡಿದೆ. ಚೆನ್ನಾಗೇ ಇತ್ತು! ಚೀಸ್‌ನ ಕೊಬ್ಬು ಒಗರನ್ನು ತಗ್ಗಿಸಿತ್ತು. ಅಂದರೆ ವೈನ್ ಕೆಟ್ಟಿರಲಿಲ್ಲ, ನಮ್ಮ ಊಟಕ್ಕೆ ಹೊಂದಲಿಲ್ಲ. ಶಾತೋ ಅನ್ನುವ ಮಾತಿಗೂ ಮರುಳಾಗಬೇಡಿ, ಅಲ್ಲಿ ಅರಮನೆ ಇರಲೇಬೇಕು ಅಂತೇನಿಲ್ಲ, ದ್ರಾಕ್ಷಿ ತೋಟ ಇದ್ದರೆ ಸಾಕು.

ಕೋತ್ ದ್ಯು ರೋನ್‌ಗೆ 7 ಯೂರೋ ಕೊಟ್ಟೆ. ಗ್ರೆನಾಶ್, ಸಿರಾ ದ್ರಾಕ್ಷಿ. ಕಾಳುಮೆಣಸಿನ ಘಮ ಇದೆ, ಒಗರೂ ಮೃದು. ಆದರೆ ಆಲ್ಕೋಹಾಲ್ 14.5%, ಅದರಿಂದಲೂ ಖಾರದ ಉರಿ ಏರುತ್ತದೆ. ಮಸಾಲೆ ಕಡಿಮೆ ಇರುವ ಮಟನ್‌ಗೆ ಸರಿ.

ದಕ್ಷಿಣ ಫ್ರಾನ್ಸ್‌ನ ಕೋರ್ಬಿಯೇರ್ ವೈನ್ 5 ಯೂರೋ, ದಿನದ ಊಟಕ್ಕೆ ಅಡ್ಡಿಯಿಲ್ಲ.

ಇನ್ನು ಬ್ರೂಯಿ. ಲಿಯೋನ್‌ನ ಉತ್ತರಕ್ಕೇ ಬೋಜೋಲೆ ಸೀಮೆ, ಅಲ್ಲಿಯ ಗಮೇ ದ್ರಾಕ್ಷಿಯಿಂದ ಮಾಡಿದ್ದು. ಗೊಂಚಲನ್ನು ಜಜ್ಜದೆ ಇಡಿಯಾಗಿ ತೊಟ್ಟಿಗೆ ಹಾಕುವುದು ಅಲ್ಲಿನ ರೂಢಿ, ಹಾಗಾಗಿ ಒಗರು ಕಡಿಮೆ, ಹಣ್ಣಿನ ರುಚಿ ಮುಂದೆ. ನವೆಂಬರ್‌ನ ಮೂರನೇ ಗುರುವಾರ ಬರುವ ಎಳೆ ವೈನ್ ಬೋಜೋಲೆ ನೂವೋ ಬೇರೆ, ಅದನ್ನು ಕುಡಿದು ಇದನ್ನು ಅಳೆಯಬೇಡಿ. ಅಂಗಡಿಯಲ್ಲಿ ಬೋಜೋಲೆ ಅಂತ ದೊಡ್ಡದಾಗಿ ಬರೆದಿರುವುದನ್ನು ಹುಡುಕಿದರೆ ಇದು ಸಿಗದೇ ಹೋಗಬಹುದು. ಬೋಜೋಲೆಯೊಳಗೆ ತಮ್ಮದೇ ಹೆಸರಿನಲ್ಲಿ ವೈನ್ ಮಾರುವ ಇಂಥ 10 ಜಾಗಗಳಿವೆ, ಅವಕ್ಕೆ ಕ್ರ್ಯೂ ಅನ್ನುತ್ತಾರೆ, ಬ್ರೂಯಿ, ಮೋರ್ಗೋನ್, ಫ್ಲರಿ ಹೀಗೆ, ಲೇಬಲ್ ಮೇಲೆ ಆ ಹೆಸರೇ ಎದ್ದು ಕಾಣುವುದು. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕುಡಿಯಿರಿ. ಭಾವ ಹೊರಡುವ ಹಿಂದಿನ ರಾತ್ರಿ ಮತ್ತೆ ಕೋಳಿ ಸಾರು ಮಾಡಿ ಇದನ್ನೇ ತೆಗೆದೆ, ಎರಡನೇ ಲೋಟ ಅವರೇ ಕೇಳಿ ಹಾಕಿಸಿಕೊಂಡರು.

ಬೆಲೆ 10 ಯೂರೋ, ಆ ಬೋರ್ಡೋಗಿಂತ 4 ಜಾಸ್ತಿ. ನಾನು ತಿಂಗಳಿಗೆ ಎರಡೇ ಬಾಟಲಿ ತರುವುದು, ಹಾಗಾಗಿ ಭಾರ ಅನಿಸಿಲ್ಲ. ವಾರಕ್ಕೊಂದು ಬೇಕು ಅನ್ನುವವರು ಬೋಜೋಲೆ ವಿಲಾಜ್ ತನ್ನಿ. ದ್ರಾಕ್ಷಿ ಅದೇ, ನನಗೆ 7 ಯೂರೋಗೆ ಸಿಕ್ಕಿತ್ತು.