ಬಾಡಿಗೆ ದೋಣಿಗೆ ಪೋರ್ಟಬಲ್ ಫಿಶ್‌ಫೈಂಡರ್: ಕ್ಲ್ಯಾಂಪ್ ಮೊದಲು, ಸ್ಕ್ರೀನ್ ಆಮೇಲೆ

ಸಕ್ಷನ್ ಕಪ್ ವಿಷಯ ಮೊದಲು ಹೇಳಿಬಿಡುತ್ತೇನೆ, ಆ ಸಿಟ್ಟು ಇನ್ನೂ ಇಳಿದಿಲ್ಲ. ಫಿಶ್‌ಫೈಂಡರ್ ಅಂದರೆ ನೀರಿನ ಆಳ, ತಳ, ಮೀನು ಎಲ್ಲವನ್ನೂ ಶಬ್ದದಿಂದ ಪತ್ತೆ ಮಾಡಿ ಸ್ಕ್ರೀನ್ ಮೇಲೆ ತೋರಿಸುವ ಯಂತ್ರ. ನೀರಿನೊಳಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಹಿಡಿಯುವ ಭಾಗವೇ ಟ್ರಾನ್ಸ್‌ಡ್ಯೂಸರ್. ಪೋರ್ಟಬಲ್ ಅಂತ ಮಾರುವ ಎಷ್ಟೋ ಕಿಟ್‌ಗಳಲ್ಲಿ ಅದನ್ನು ದೋಣಿಯ ಹಿಂಬದಿಗೆ ಅಂಟಿಸಲು ಒಂದು ರಬ್ಬರ್ ಕಪ್ ಕೊಟ್ಟಿರುತ್ತಾರೆ. ಹೊಸ ಫೈಬರ್ ದೋಣಿಯ ನುಣುಪಾದ ಮೈಗೆ ಅದು ಗಟ್ಟಿಯಾಗಿ ಕೂರುತ್ತದೆ. ಬಾಡಿಗೆ ದೋಣಿಗೆ ಅಂಥ ಮೈ ಎಲ್ಲಿಂದ ಬರಬೇಕು? ಬಣ್ಣ ಎದ್ದಿರುತ್ತದೆ. ಅಲ್ಯೂಮಿನಿಯಂ ಆದರೆ ರಿವೆಟ್ ಸಾಲು, ಮರದ್ದಾದರೆ ಹಲಗೆಯ ಸಂದು. ನೀರು ತಾಗುವ ಜಾಗದಲ್ಲಿ ಪಾಚಿ ಬೇರೆ. ಕಪ್ ಸ್ವಲ್ಪ ಹೊತ್ತು ಹಿಡಿದಿರುತ್ತದೆ, ಮೋಟರ್ ವೇಗ ಏರಿದ ಕೂಡಲೇ ಬಿಟ್ಟುಬಿಡುತ್ತದೆ. ಸ್ಕ್ರೀನ್ ಮೇಲೆ ಆಳದ ಅಂಕಿ ಮಿಣುಕಲು ಶುರುವಾದಾಗ ತಿರುಗಿ ನೋಡಿದರೆ, ಟ್ರಾನ್ಸ್‌ಡ್ಯೂಸರ್ ಕೇಬಲ್‌ಗೆ ಜೋತುಬಿದ್ದು ಪ್ರೊಪೆಲರ್ ಪಕ್ಕದಲ್ಲೇ ಎಳೆದಾಡುತ್ತಿರುತ್ತದೆ. ಇಡೀ ಯಂತ್ರ ನಿಂತಿರುವುದೇ ಆ ಭಾಗದ ಮೇಲೆ. ಅದನ್ನು ಒಂದು ರಬ್ಬರ್ ಬಿಲ್ಲೆಯ ಮೇಲೆ ಬಿಟ್ಟಿದ್ದಾರಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಸ್ವಂತ ದೋಣಿ ಇರುವವರಿಗೆ ಈ ಕಷ್ಟ ಇಲ್ಲ. ಎರಡು ಸ್ಕ್ರೂ ಹೊಡೆದು ಮರೆತುಬಿಡಬಹುದು. ಬಾಡಿಗೆ ದೋಣಿಗೆ ತೂತು ಕೊರೆಯುವ ಹಾಗಿಲ್ಲ, ಪ್ರತಿ ಸಲ ಸಿಗುವ ದೋಣಿಯೂ ಬೇರೆ. ಟ್ರಾನ್ಸ್‌ಡ್ಯೂಸರ್ ಮಾತ್ರ ಯಾವ ದೋಣಿಯಲ್ಲೂ ನೇರ ಕೆಳಗೇ ನೋಡಬೇಕು, ಅದರ ಕೆಳಗಿನ ನೀರು ಗುಳ್ಳೆಯಿಲ್ಲದೆ ತಿಳಿಯಾಗಿರಬೇಕು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಆದರೆ ಎದುರಿಗೆ ಗಾಳಿಯ ಗುಳ್ಳೆ ಬಂದರೆ ಅಲ್ಲೇ ಚದುರಿಹೋಗುತ್ತದೆ. ಅಷ್ಟಾದ ಮೇಲೆ ಐದಿಂಚಿನ ಸ್ಕ್ರೀನ್ ಆದರೇನು, ಒಂಬತ್ತಿಂಚಿನದಾದರೇನು? ಅಂಗಡಿಯವರು ಸ್ಕ್ರೀನ್ ತೋರಿಸಿ ಮಾರುತ್ತಾರೆ. ಬಾಡಿಗೆ ದೋಣಿಯವರು ನೋಡಬೇಕಾದ್ದು ಇನ್ನೊಂದು ತುದಿಯನ್ನು.

ಹಾಗಾದರೆ ಗಾಳದ ದಾರಕ್ಕೆ ಕಟ್ಟಿ ಎಸೆಯುವ ಚೆಂಡಿನಂಥ ಸೋನಾರ್ ಸಾಕಲ್ಲ ಅಂತ ಕೇಳುವವರಿದ್ದಾರೆ. ದಡದಿಂದ ಗಾಳ ಹಾಕುವವರಿಗೆ ಅದನ್ನು ಮೀರಿಸಿದ್ದಿಲ್ಲ. ನೀರು ತಾಗಿದರೆ ತಾನೇ ಆನ್ ಆಗುತ್ತದೆ, ವೈಫೈ ಮೂಲಕ ಫೋನ್‌ಗೆ ಚಿತ್ರ ಕಳಿಸುತ್ತದೆ. ಸ್ನೇಹಿತರೊಬ್ಬರ ಹತ್ತಿರ ಇದೆ, ದೋಣಿಯಲ್ಲೂ ಬಳಸಿ ನೋಡಿದ್ದೇವೆ. ಮಧ್ಯಾಹ್ನದ ಬಿಸಿಲಿಗೆ ಫೋನ್ ಕಾಣುವುದಿಲ್ಲ. ಒದ್ದೆ ಬೆರಳಿಗೆ ಟಚ್ ಕೇಳುವುದಿಲ್ಲ. ಸಂಜೆಯೊಳಗೆ ಫೋನ್ ಬ್ಯಾಟರಿ ತಳ ಮುಟ್ಟಿರುತ್ತದೆ. ತುರ್ತಿಗೆ ಕರೆ ಮಾಡಬೇಕಾದ ಫೋನ್ ನೀರಿನ ನಡುವೆ ಸತ್ತರೆ ಅದು ಸಣ್ಣ ವಿಷಯವಲ್ಲ. ನಾನು ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ದೋಣಿಯಲ್ಲೇ ಇರುವವನು. ನನಗೆ ಬೇರೆ ಸ್ಕ್ರೀನ್, ಬೇರೆ ಬ್ಯಾಟರಿಯೇ ಸರಿ.

ಕ್ಲ್ಯಾಂಪ್ ತಂದ ಮೇಲೆ ಈ ಯಂತ್ರದ ಬಗ್ಗೆ ನನ್ನ ಮಾತು ಬದಲಾಯಿತು. ಹಿಂಬದಿ ಹಲಗೆಗೋ ಪಕ್ಕದ ಅಂಚಿಗೋ ತಿರುಪಿನಿಂದ ಬಿಗಿಯುವ ಒಂದು ಹಿಡಿ, ಅದಕ್ಕೊಂದು ಉದ್ದದ ತೋಳು, ತೋಳಿನ ತುದಿಗೆ ಟ್ರಾನ್ಸ್‌ಡ್ಯೂಸರ್. ಇಷ್ಟೇ. ಕಿಟ್‌ನಲ್ಲಿ ಇದು ಬರುವುದಿಲ್ಲ, ಬೇರೆ ಕೊಳ್ಳಬೇಕು. ತಿರುಪಿಗೂ ದೋಣಿಗೂ ನಡುವೆ ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಇಡುತ್ತೇನೆ. ಹಿಡಿ ಜಾರುವುದಿಲ್ಲ, ದೋಣಿಗೆ ಗೀರೂ ಬೀಳುವುದಿಲ್ಲ, ಯಜಮಾನರ ಮುಖವೂ ಗಂಟಾಗುವುದಿಲ್ಲ. ಹಿಡಿಗೊಂದು ನೈಲಾನ್ ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಸೀಟಿಗೆ ಬಿಗಿಯುತ್ತೇನೆ. ಆಮೇಲೆ ಎಲ್ಲರೂ ಹತ್ತಿ ಕೂರುವ ತನಕ ಕಾಯುತ್ತೇನೆ. ಇದು ಮುಖ್ಯ. ಹಿಂದೆ ಒಬ್ಬರು ಕೂತರೂ ಸಣ್ಣ ದೋಣಿಯ ಹಿಂಬದಿ ಅದುಮಿ ಮೂತಿ ಮೇಲೇಳುತ್ತದೆ, ಖಾಲಿ ದೋಣಿಯಲ್ಲಿ ಹೊಂದಿಸಿದ ಕೋನವೆಲ್ಲ ಕೆಟ್ಟುಹೋಗುತ್ತದೆ. ಎಲ್ಲರೂ ಕೂತ ಮೇಲೆ ತೋಳನ್ನು ಇಳಿಸಿ, ಟ್ರಾನ್ಸ್‌ಡ್ಯೂಸರಿನ ಮುಖ ದೋಣಿಯ ತಳಕ್ಕಿಂತ ಒಂದಿಷ್ಟು ಕೆಳಗೆ ಬರುವ ಹಾಗೆ ನಿಲ್ಲಿಸುತ್ತೇನೆ. ಕೊನೆಗೆ ಕೈ ನೀರಿಗಿಳಿಸಿ ಅದರ ಮುಖವನ್ನು ಬೆರಳಿನಿಂದ ಒಮ್ಮೆ ಸವರುತ್ತೇನೆ. ಅಂಟಿಕೊಂಡ ಸಣ್ಣ ಗುಳ್ಳೆಗಳು ಬಿಟ್ಟ ಕೂಡಲೇ ಸ್ಕ್ರೀನ್ ಮೇಲೆ ತಳದ ಗೆರೆ ಸ್ಪಷ್ಟವಾಗುತ್ತದೆ. ಆ ಗೆರೆ ಮೂಡುವ ಗಳಿಗೆ ನನಗೆ ಪ್ರತಿ ಸಲವೂ ಖುಷಿ.

ಬ್ಯಾಟರಿ ವಿಷಯದಲ್ಲಿ ಕೈ ಸ್ವಲ್ಪ ಬಿಚ್ಚಿ. 12 ವೋಲ್ಟ್, 7 ಆಂಪಿಯರ್-ಅವರ್ ಸೀಸದ ಬ್ಯಾಟರಿ ಎರಡು ಕಿಲೋ ಮೀರುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಕಿಲೋದ ಆಸುಪಾಸು. ಬೆಲೆ ಜಾಸ್ತಿ, ಹೌದು. ಆದರೆ ಗಾಡಿ ನಿಲ್ಲಿಸಿದಲ್ಲಿಂದ ದೋಣಿಯವರೆಗೆ ಗಾಳ, ಚೀಲ, ಲೈಫ್ ಜಾಕೆಟ್ ಎಲ್ಲ ಹೊತ್ತು ನಡೆಯುವವರಿಗೆ ಆ ವ್ಯತ್ಯಾಸ ಹೆಗಲಿಗೇ ಗೊತ್ತಾಗುತ್ತದೆ. ನನ್ನ ಐದಿಂಚಿನ ಯಂತ್ರ ಒಂದು ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ, ದಿನದ ಕೆಲಸ ಮುಗಿದ ಮೇಲೂ ಚಾರ್ಜ್ ಉಳಿದಿರುತ್ತದೆ. ದೋಣಿಯ ಎಲೆಕ್ಟ್ರಿಕ್ ಮೋಟರ್‌ನ ಬ್ಯಾಟರಿಗೇ ಇದನ್ನೂ ಸಿಕ್ಕಿಸಬೇಡಿ, ಸ್ಕ್ರೀನ್ ತುಂಬ ಗೆರೆ, ಚುಕ್ಕೆ ಬರಬಹುದು. ವೈರ್‌ನಲ್ಲಿ ಫ್ಯೂಸ್ ಇರಲೇಬೇಕು. ಅಂದ ಹಾಗೆ, ಹೀಗೆ ಹೊತ್ತು ತಿರುಗುವುದು ಇವತ್ತಿನ ಹೊಸ ಯೋಚನೆಯೇನಲ್ಲ. 1959ರಲ್ಲಿ ಲೋರನ್ಸ್ ಕಂಪನಿ ತಂದ ಹೆಸರಾಂತ ಹಸಿರು ಪೆಟ್ಟಿಗೆಯ ಫಿಶ್‌ಫೈಂಡರ್ ಕೂಡ ಕೈಯಲ್ಲಿ ಒಯ್ಯುವಂಥದ್ದೇ ಆಗಿತ್ತು.

ಇನ್ನು ಮೀನು. ಮೀನಿನ ಗುರುತು ತೋರಿಸುವ ಆಯ್ಕೆಯನ್ನು ಆಫ್ ಮಾಡಿಟ್ಟಿದ್ದೇನೆ. ತೇಲುವ ಕಳೆ, ಮುಳುಗಿದ ಕೊಂಬೆ, ಗುಳ್ಳೆ, ಎಲ್ಲಕ್ಕೂ ಅದು ಮೀನಿನ ಚಿತ್ರ ಬಿಡಿಸುತ್ತದೆ. ಅದಿಲ್ಲದೆ ನೋಡಿದರೆ ಕಮಾನು ಕಾಣುತ್ತದೆ. ಟ್ರಾನ್ಸ್‌ಡ್ಯೂಸರ್ ಬಿಡುವ ಶಬ್ದ ಕೆಳಗಿಳಿದಂತೆ ಶಂಕುವಿನ ಹಾಗೆ ಅಗಲವಾಗುತ್ತದೆ. ಮೀನು ಆ ಶಂಕುವಿನ ಅಂಚಿಗೆ ಬಂದಾಗ ದೂರ ಜಾಸ್ತಿ, ನಡುವಿಗೆ ಬಂದಾಗ ಕಡಿಮೆ, ಆಚೆ ಹೋಗುವಾಗ ಮತ್ತೆ ಜಾಸ್ತಿ. ಕಮಾನು ಮೂಡುವುದು ಅದರಿಂದ. ಕಮಾನುಗಳೆಲ್ಲ ಅರ್ಧರ್ಧವೇ ಬರುತ್ತಿದ್ದರೆ ಟ್ರಾನ್ಸ್‌ಡ್ಯೂಸರ್ ವಾಲಿರಬಹುದು, ತೋಳು ನೋಡಿ. ಇನ್ನೊಂದು ಮಾತು: 20 ಡಿಗ್ರಿಯ ಶಂಕು 30 ಅಡಿ ಆಳದಲ್ಲಿ ಸುಮಾರು 10 ಅಡಿ ಅಗಲವನ್ನಷ್ಟೇ ನೋಡುತ್ತದೆ. ಸ್ಕ್ರೀನ್ ಖಾಲಿ ಇದೆ ಅಂತ ಕೆರೆಯೇ ಖಾಲಿ ಅಂದುಕೊಳ್ಳಬೇಡಿ.

ನಾನು ಮನಸೋತಿದ್ದು ಮೀನಿಗಿಂತ ತಳಕ್ಕೆ. ಕೆಸರು ಇದ್ದಲ್ಲಿ ತಳದ ಗೆರೆ ಮಸುಕಾಗಿ ತೆಳ್ಳಗೆ ಬರುತ್ತದೆ. ಕಲ್ಲು ಬಂದ ಕೂಡಲೇ ಗೆರೆ ಬಣ್ಣ ತುಂಬಿಕೊಂಡು ದಪ್ಪಗಾಗುತ್ತದೆ, ಕೆಲವು ಸಲ ಎರಡರಷ್ಟು ಆಳದಲ್ಲಿ ಅದರ ಪ್ರತಿಧ್ವನಿಯೂ ಇನ್ನೊಂದು ಗೆರೆಯಾಗಿ ಕಾಣುತ್ತದೆ. ಗಾಳಿಗೆ ದೋಣಿ ಬಿಟ್ಟುಕೊಂಡು ಸುಮ್ನೆ ತೇಲುತ್ತಾ ಈ ಬದಲಾವಣೆ ನೋಡುವುದೇ ಒಂದು ಹಿತ. ಗಾಳ ಹಾಕಬೇಕಾದ ಜಾಗ ಕೆಸರು ಮುಗಿದು ಕಲ್ಲು ಶುರುವಾಗುವ ಅಂಚು. ಒಂದು ಗುಂಡಿ ಒತ್ತಿದರೆ ಜಿಪಿಎಸ್ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಬೇರೆ ದೋಣಿ ಸಿಕ್ಕರೂ, ನೀರು ಏರಿ ದಡದ ಗುರುತೆಲ್ಲ ಮುಚ್ಚಿಹೋಗಿದ್ದರೂ, ಕೆಲವೇ ಮೀಟರ್ ಹೆಚ್ಚುಕಡಿಮೆಯಲ್ಲಿ ಅದೇ ಅಂಚಿನ ಮೇಲೆ ಲಂಗರು ಬಿಡುತ್ತೇನೆ. ದೋಣಿ ಬಾಡಿಗೆಯದು, ಕೆರೆಯ ತಿಳಿವಳಿಕೆ ನನ್ನದು. ಜಿಪಿಎಸ್ ಇಲ್ಲದ ಮಾಡೆಲ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಾಡಿಗೆ ದೋಣಿಯವರು ಕೊಳ್ಳಬಾರದು ಅನ್ನುವುದು ಇದಕ್ಕೇ.

ಕಿರಿಕಿರಿ ಇಲ್ಲವೆಂದಲ್ಲ. ಎರಡು ಮೂರು ಅಡಿ ನೀರಿನಲ್ಲಿ ಸ್ಕ್ರೀನ್ ಬರೀ ಗಲಿಬಿಲಿ. ಪೋಲರೈಸ್ಡ್ ಕನ್ನಡಕ ಹಾಕಿ ಓರೆಯಿಂದ ನೋಡಿದರೆ ಸ್ಕ್ರೀನ್ ಕಪ್ಪಾಗುತ್ತದೆ, ಕತ್ತು ವಾಲಿಸಬೇಕು. ಪ್ರತಿ ಸಲ ಬಿಚ್ಚಿ ಕಟ್ಟುವ ಕಾರಣ ಪ್ಲಗ್‌ನ ಪಿನ್‌ಗಳು ಬೇಗ ಸವೆಯುತ್ತವೆ, ಮುಚ್ಚಳ ಹಾಕಿಡಿ, ತಿರುಚಿ ಎಳೆಯಬೇಡಿ.

ತಳದ ಫೋಟೊದಂಥ ಚಿತ್ರ ಕೊಡುವ ಡೌನ್ ಇಮೇಜಿಂಗ್ ಬೇಕೇ ಅಂದರೆ, ಮುಳುಗಿದ ಮರಗಳ ನಡುವೆ ಮೀನು ಹಿಡಿಯುವವರಿಗೆ ಬೇಕು, ನನಗೆ ಬೇಡ. ಆ ದುಡ್ಡನ್ನು ಬ್ಯಾಟರಿಗೂ ಕ್ಲ್ಯಾಂಪ್‌ಗೂ ಹಾಕಿದೆ. ಕ್ಲ್ಯಾಂಪ್ ಕೊಳ್ಳುವಾಗ ಅದರ ಬಾಯಿ ಎಷ್ಟು ಅಗಲ ತೆರೆಯುತ್ತದೆ ನೋಡಿ. ದೋಣಿ ಗೊತ್ತುಮಾಡುವಾಗಲೇ ಹಿಂಬದಿ ಹಲಗೆ ಎಷ್ಟು ದಪ್ಪ, ಮೋಟರ್ ಪಕ್ಕದಲ್ಲಿ ಜಾಗ ಇದೆಯಾ ಅಂತ ಯಜಮಾನರನ್ನು ಕೇಳಿಕೊಳ್ಳಿ. ಹಲಗೆ ತೀರಾ ದಪ್ಪ ಅಂದರೆ ಪಕ್ಕದ ಅಂಚಿಗೆ ಹಾಕಬಹುದು, ಆಗ ತೋಳು ಇನ್ನೂ ಒಂದಡಿ ಉದ್ದ ಬೇಕಾಗುತ್ತದೆ.