‘ಪುಡಿ ಜಾಸ್ತಿಯಾಗಿದೆ’ ಎಂದವನನ್ನು ನಂಬಿ ಕೆಟ್ಟೆ

ನನ್ನ ಬಲಗೆನ್ನೆಯಲ್ಲಿ, ಕಣ್ಣಿನಿಂದ ಒಂದು ಬೆರಳಿನ ಕೆಳಗೆ, ಸಾಸಿವೆ ಕಾಳಿನಷ್ಟು ಎರಡು ಕಲೆಗಳಿವೆ. ಹಿತ್ತಾಳೆಯ ಚೂರುಗಳು ಹೊಕ್ಕ ಜಾಗ. ಕನ್ನಡಕ ಇಲ್ಲದಿದ್ದರೆ ಇದನ್ನು ಒಂದೇ ಕಣ್ಣಿನಲ್ಲಿ ಟೈಪ್ ಮಾಡುತ್ತಿದ್ದೆ. ನಮ್ಮ ಕೊಡಗು ಜಿಲ್ಲೆಯಲ್ಲಿ ಕೋವಿ ಇಲ್ಲದ ಮನೆ ಕಡಿಮೆ. ಖಾಲಿ ತೋಟೆಗೆ ಮರಳಿ ಮದ್ದು ತುಂಬಿಸಿಕೊಡುತ್ತೇನೆ ಎನ್ನುವವರೂ ಅಲ್ಲಲ್ಲಿ ಸಿಗುತ್ತಾರೆ. ಅದಕ್ಕಾಗಿ ಈ ನಾಚಿಕೆಗೇಡಿನ ಕಥೆ.

ನನ್ನದು ಅಜ್ಜನ ಕಾಲದ .30-06 ರೈಫಲ್. ಪರವಾನಗಿ ಇದೆ. ಹೊಸ ತೋಟೆ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳಿದರೆ ಕಾಫಿ ಮಾರಿದ ಹಣ ನೆನಪಾಗುತ್ತದೆ. ಹೀಗಿರುವಾಗ ಪರಿಚಯದವರೊಬ್ಬರು ಒಬ್ಬನನ್ನು ತೋರಿಸಿದರು. ಅವನ ಬಳಿ ತೋಟೆ ಒತ್ತುವ ಪ್ರೆಸ್, ಅದನ್ನು ಅಳತೆಗೆ ತರುವ ಡೈ (ಅಚ್ಚು), ತಕ್ಕಡಿ ಎಲ್ಲ ಇತ್ತು. ನಲವತ್ತು ಖಾಲಿ ತೋಟೆ ಕೊಟ್ಟುಬಂದೆ. ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಇದೆಯೆಂದ ಮಾತ್ರಕ್ಕೆ ಮದ್ದುಗುಂಡು ತಯಾರಿಸುವ ವಿನಾಯಿತಿ ಬರುವುದಿಲ್ಲ. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಬೇಕು. ಅವನಿಗೆ ಅದು ಇದೆಯೇ ಎಂದು ನಾನು ಕೇಳಲಿಲ್ಲ. ಉತ್ತರ ಗೊತ್ತಿದ್ದುದರಿಂದಲೇ ಕೇಳಲಿಲ್ಲ ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ಮೊದಲ ಸಲ ತುಂಬಿಸಿದ್ದು ಹೊಡೆದಾಗ ಪ್ರೈಮರ್‌ಗಳು, ಹಳಬರ ಮಾತಿನಲ್ಲಿ ಕೇಪುಗಳು, ಅಂದರೆ ತೋಟೆಯ ಬುಡದಲ್ಲಿ ಕೂತು ಮದ್ದಿನ ಪುಡಿಗೆ ಕಿಡಿ ಕೊಡುವ ಪುಟ್ಟ ಬಟ್ಟಲುಗಳು, ದೋಸೆ ತಟ್ಟಿದಂತೆ ಚಪ್ಪಟೆಯಾಗಿದ್ದವು. ಎರಡನೆಯ ಸಲ ಅದರ ಜೊತೆಗೆ, ತೋಟೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಎತ್ತುವುದೂ ಬಿಗಿಯಾಯಿತು. ಅವನಿಗೆ ಹೇಳಿದೆ. ‘ಪುಡಿ ಜಾಸ್ತಿಯಾಗಿದೆ, ಕಡಿಮೆ ಮಾಡಿಕೊಡುತ್ತೇನೆ’ ಎಂದ. ವೈದ್ಯನ ಆತ್ಮವಿಶ್ವಾಸ.

ಮೂರನೆಯ ಸಲ ನಿಜವಾಗಿಯೂ ಕಡಿಮೆ ಮಾಡಿದ್ದ. ಬೋಲ್ಟ್ ಹಗುರವಾಗಿ ಬಂತು, ನನಗೆ ಖುಷಿಯಾಯಿತು. ಆದರೆ ಹೊರಬಿದ್ದ ತೋಟೆಗಳನ್ನು ಮೇಜಿನ ಮೇಲೆ ನಿಲ್ಲಿಸಿದರೆ ಅಲುಗಾಡುತ್ತಿದ್ದವು. ಪ್ರೈಮರ್ ಬುಡದಿಂದ ಕೂದಲೆಳೆಯಷ್ಟು ಹೊರಗೆ ಚಾಚಿತ್ತು. ಕಾಯಿಲೆ ಏನೆಂದು ತೋಟೆಯೇ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ನಾನು ಕೇಳಿಸಿಕೊಳ್ಳಲಿಲ್ಲ. ಗುಂಡು ಗುರಿಗಿಂತ ಕೆಳಗೆ ಬೀಳುತ್ತಿದೆ ಎಂದು ದೂರಿದೆ, ಅವನು ಪುಡಿಯನ್ನು ಮತ್ತೆ ಮೊದಲಿನಷ್ಟೇ ಮಾಡಿಕೊಟ್ಟ.

ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಎರಡು ವಾರವಿತ್ತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಅಭ್ಯಾಸಕ್ಕೆ ಹೋದೆ. ನಾಲ್ಕನೆಯ ಗುಂಡಿನ ಸದ್ದೇ ಬೇರೆಯಾಗಿತ್ತು. ಮುಖಕ್ಕೆ ಬಿಸಿ ಗಾಳಿ ಹೊಡೆಯಿತು, ಕನ್ನಡಕದ ಬಲಗಾಜು ಬಿರಿಯಿತು, ಕೋವಿಯ ಮರದ ಹಿಡಿ ಸೀಳಿತ್ತು. ಬೋಲ್ಟ್ ತೆಗೆಯಲು ಮರದ ಸುತ್ತಿಗೆ ಬೇಕಾಯಿತು. ತೋಟೆಯ ಬುಡ ಮಾತ್ರ ಹೊರಬಂತು, ಉಳಿದ ಮುಕ್ಕಾಲು ಭಾಗ ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡಾದ ಚೇಂಬರಿನಲ್ಲೇ ಸಿಕ್ಕಿಕೊಂಡಿತ್ತು. ವಿರಾಜಪೇಟೆಯಲ್ಲಿ ಕೆನ್ನೆಯ ಚೂರುಗಳನ್ನು ತೆಗೆಸಿಕೊಂಡು ಮನೆಗೆ ಬಂದಾಗ ಹೆಂಡತಿ ಒಂದು ಮಾತನ್ನೂ ಆಡಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದ್ದು.

ಆಮೇಲೆ, ಬುದ್ಧಿ ಬಂದ ಮೇಲೆ, ಹಿಂದಿನ ಬಾರಿಗಳಲ್ಲಿ ಹೊಡೆದು ಪಕ್ಕಕ್ಕಿಟ್ಟಿದ್ದ ಖಾಲಿ ತೋಟೆಗಳಲ್ಲಿ ಮೂರನ್ನು ಗರಗಸದಿಂದ ಉದ್ದಕ್ಕೆ ಸೀಳಿದೆ. ಮೂರರಲ್ಲೂ ಬುಡದಿಂದ ಸುಮಾರು ಎಂಟು ಮಿಲಿಮೀಟರ್ ಮೇಲೆ ಗೋಡೆ ಒಳಗಿನಿಂದ ಸವೆದು ತೋಡು ಬಿದ್ದಿತ್ತು. ಹೊರಗಿನಿಂದ ನೋಡಿದರೆ ಅದೇ ಜಾಗದಲ್ಲಿ ತೆಳ್ಳಗೆ ಹೊಳೆಯುವ ಬಳೆ. ಅದನ್ನು ನಾನು ಮೊದಲೇ ಕಂಡಿದ್ದೆ, ಡೈ ಉಜ್ಜಿದ ಗುರುತು ಎಂದುಕೊಂಡಿದ್ದೆ.

ಆಗಿದ್ದು ಇಷ್ಟು. .30-06ರಂಥ ತೋಟೆ ಚೇಂಬರಿನಲ್ಲಿ ನಿಲ್ಲುವುದು ಅದರ ಹೆಗಲಿನ ಮೇಲೆ, ಅಂದರೆ ಮೈ ಕಿರಿದಾಗಿ ಕತ್ತಾಗುವ ಇಳಿಜಾರಿನ ಮೇಲೆ. ಒಮ್ಮೆ ಹೊಡೆದ ತೋಟೆ ಹಿಗ್ಗಿ ಆ ಕೋವಿಯ ಅಳತೆಗೇ ಹೊಂದಿಕೊಂಡಿರುತ್ತದೆ. ಮತ್ತೆ ತುಂಬಿಸುವ ಮೊದಲು ಡೈಯಲ್ಲಿ ಒತ್ತಿ ಮರುಗಾತ್ರ ಮಾಡುವಾಗ ಹೆಗಲನ್ನು 0.05 ಮಿಲಿಮೀಟರ್ ಆಸುಪಾಸು ಹಿಂದೆ ತಳ್ಳಿದರೆ ಸಾಮಾನ್ಯವಾಗಿ ಸಾಕು. ಈತ ಯಾರ ಕೋವಿಯನ್ನೂ ಅಳೆಯದೆ, ಡೈಯನ್ನು ಕೊನೆಯವರೆಗೆ ತಿರುಗಿಸಿಟ್ಟು, ಊರಿನ ಎಲ್ಲರ ತೋಟೆಯನ್ನೂ ಒಂದೇ ಅಚ್ಚಿನಲ್ಲಿ ಒತ್ತುತ್ತಿದ್ದ. ಹೀಗೆ ಹೆಗಲು ಕುಸಿದ ತೋಟೆಗೆ ಚೇಂಬರ್ ಸಡಿಲ. ಬೋಲ್ಟಿನ ಪಿನ್ನು ಪ್ರೈಮರಿಗೆ ಬಡಿದಾಗ ತೋಟೆ ಮುಂದಕ್ಕೆ ಜಾರುತ್ತದೆ, ಒತ್ತಡ ಏರಿದಾಗ ತೆಳುವಾದ ಮುಂಭಾಗ ಗೋಡೆಗೆ ಕಚ್ಚಿಕೊಳ್ಳುತ್ತದೆ, ದಪ್ಪ ಬುಡ ಬೋಲ್ಟಿನ ಕಡೆಗೆ ಹಿಂದೆ ಸರಿಯುತ್ತದೆ. ನಡುವಿನ ಹಿತ್ತಾಳೆ ಎಳೆದುಕೊಳ್ಳುತ್ತದೆ. ಮತ್ತೆ ಒತ್ತು, ಮತ್ತೆ ಎಳೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವುದಿಲ್ಲವೇ, ಹಾಗೆ.

ಪ್ರೈಮರ್ ಚಪ್ಪಟೆಯಾದದ್ದೂ ಇದರಿಂದಲೇ: ಸಡಿಲ ಜಾಗದಲ್ಲಿ ಅದು ಮೊದಲು ಹೊರಗೆ ಚಾಚುತ್ತದೆ, ಆಮೇಲೆ ಹಿಂದೆ ಬಂದ ಬುಡ ಅದನ್ನು ಬೋಲ್ಟಿಗೆ ಒತ್ತಿ ಜಜ್ಜುತ್ತದೆ. ಪುಡಿ ಕಡಿಮೆ ಮಾಡಿದಾಗ ಬುಡವನ್ನು ಹಿಂದೆ ಎಳೆಯುವಷ್ಟು ಒತ್ತಡವಿರಲಿಲ್ಲ, ಚಾಚಿದ ಪ್ರೈಮರ್ ಚಾಚಿಯೇ ಉಳಿಯಿತು. ಹೆಚ್ಚು ಪುಡಿಯ ಕಾಯಿಲೆಯಾಗಿದ್ದರೆ ಕಡಿಮೆ ಮಾಡಿದ ಮೇಲೆ ಹೀಗಾಗುತ್ತಿರಲಿಲ್ಲ. ಬರೀ ಪ್ರೈಮರ್ ನೋಡಿ ಒತ್ತಡ ಹೇಳುವವರ ಬಗ್ಗೆ ಅಂದಿನಿಂದ ನನಗೆ ಗೌರವವಿಲ್ಲ.

ಹಾಗಾದರೆ ಬೋಲ್ಟ್ ಬಿಗಿಯಾದದ್ದು ಸುಳ್ಳೇ? ಅಲ್ಲ. ಉಳಿದ ತೋಟೆಗಳಿಗೆ ವರ್ನಿಯರ್ ಹಿಡಿದೆ. ಗರಿಷ್ಠ ಉದ್ದ 63.35 ಮಿಲಿಮೀಟರ್ ಇರಬೇಕಾದಲ್ಲಿ ಹಲವು 63.6 ದಾಟಿದ್ದವು. ಎಳೆದ ಹಿತ್ತಾಳೆ ಎಲ್ಲಿಗೋ ಹೋಗಬೇಕಲ್ಲ, ಕತ್ತಿನ ಕಡೆ ಬೆಳೆದಿತ್ತು. ಉದ್ದವಾದ ಕತ್ತು ಚೇಂಬರಿನ ತುದಿಗೆ ಒತ್ತಿ ಗುಂಡನ್ನು ಹಿಡಿದಿಟ್ಟರೆ, ಅಳತೆಯಷ್ಟೇ ಪುಡಿ ಇದ್ದರೂ ಒತ್ತಡ ಏರುತ್ತದೆ. ಸಾಲದ್ದಕ್ಕೆ ಡೈಯಲ್ಲಿ ಜಾರಲೆಂದು ತೋಟೆಗೆ ಹಚ್ಚಿದ ಜಿಡ್ಡನ್ನು ಅವನು ಒರೆಸಿಯೇ ಇರಲಿಲ್ಲ. ಜಿಡ್ಡಿನ ತೋಟೆ ಗೋಡೆಗೆ ಸರಿಯಾಗಿ ಕಚ್ಚುವುದಿಲ್ಲ, ಹೊಡೆತದ ಭಾರವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ.

ಎಲ್ಲವನ್ನೂ ಅವನ ತಲೆಗೆ ಕಟ್ಟುವಂತಿಲ್ಲ. ಆರು ತೋಟೆಗಳ ಕತ್ತಿನಲ್ಲಿ ಉದ್ದಕ್ಕೆ ಕೂದಲಿನಂಥ ಬಿರುಕುಗಳಿದ್ದವು, ಅದು ನನ್ನ ಪಾಲು. ಖಾಲಿ ತೋಟೆಯ ಡಬ್ಬವನ್ನು ನಾನು ವರ್ಷಗಟ್ಟಲೆ ಇಟ್ಟಿದ್ದು ಗೊಬ್ಬರದ ಚೀಲಗಳ ಪಕ್ಕ, ಗೋಡೆಯಾಚೆ ದನದ ಕೊಟ್ಟಿಗೆ. ತೋಟೆಯ ಹಿತ್ತಾಳೆ ಎಂದರೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಒತ್ತಿ ಬಿಗಿಗೊಂಡ ಈ ಲೋಹಕ್ಕೆ ಅಮೋನಿಯ ವಿಷವಿದ್ದಂತೆ. ಬ್ರಿಟಿಷ್ ಸೇನೆಗೆ ಈ ಪಾಠ ಸಿಕ್ಕಿದ್ದು ಭಾರತದಲ್ಲೇ: ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ತೋಟೆಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು, ಮೂತ್ರದ ಅಮೋನಿಯವೇ ಕಾರಣ ಎಂಬ ವಿವರಣೆ ಬಂದದ್ದು 1921ರಲ್ಲಿ. ನೂರು ವರ್ಷದ ಮೇಲೆ ನಾನು ಅದೇ ಪ್ರಯೋಗವನ್ನು ತೋಟದ ಮನೆಯಲ್ಲಿ ಮತ್ತೆ ಮಾಡಿದೆ. ಅಮೋನಿಯ ಬೆರೆತ ಹಿತ್ತಾಳೆ ಪಾಲಿಶ್ ಹಾಕಿ ತೋಟೆ ಹೊಳಪು ಮಾಡುವವರು ನಮ್ಮಲ್ಲಿ ಈಗಲೂ ಇದ್ದಾರೆ. ದೀಪಕ್ಕೆ ಹಾಕಿ ಸ್ವಾಮಿ, ತೋಟೆಗೆ ಬೇಡ.

ಯಾರಾದರೂ ಇಂಥ ತೋಟೆ ಕೊಟ್ಟರೆ ತೆಗೆದುಕೊಳ್ಳಬೇಡಿ. ನಿಮ್ಮ ಡಬ್ಬದಲ್ಲಿ ಆಗಲೇ ಇದ್ದರೆ ಹೊಡೆಯಬೇಡಿ. ಮಾಮೂಲು ತೋಟೆಯಲ್ಲೇ ಬೋಲ್ಟ್ ಬಿಗಿಯಾದರೆ, ಬುಡದಲ್ಲಿ, ಖಾಲಿ ತೋಟೆಯನ್ನು ಹೊರಗೆಸೆಯುವ ಎಜೆಕ್ಟರಿನ ಹೊಳಪು ಗುರುತು ಬಿದ್ದರೆ, ಪ್ರೈಮರ್ ತೂತಾಗಿದ್ದರೆ ಅಥವಾ ಗೂಡಿನಲ್ಲಿ ಸಡಿಲವಾಗಿದ್ದರೆ, ಆ ದಿನದ ಗುಂಡು ಹೊಡೆತ ಅಲ್ಲಿಗೇ ನಿಲ್ಲಲಿ, ಕೋವಿಯು ಪರವಾನಗಿ ಇರುವ ಕೋವಿ ಕಮ್ಮಾರನ ಕೈಗೆ ಹೋಗಲಿ. ಹೊಡೆದ ಖಾಲಿ ತೋಟೆಯೊಳಗೆ ತುದಿ ಬಗ್ಗಿಸಿದ ತಂತಿಯಿಂದ ಬುಡದ ಬಳಿ ತಡವಿದರೆ ತೋಡು ಕೈಗೆ ತಿಳಿಯುತ್ತದೆ. ನನ್ನ ಡಬ್ಬದಲ್ಲಿ ಹನ್ನೊಂದರಲ್ಲಿ ಸಿಕ್ಕಿತು. ಆ ಹನ್ನೊಂದರಲ್ಲಿ ಯಾವುದನ್ನು ಮತ್ತೆ ತುಂಬಿಸಿದ್ದರೂ ಕಥೆ ಇದೇ ಆಗುತ್ತಿತ್ತು.

ಅವನಿಗೆ ಸೀಳಿದ ತೋಟೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, ‘ಈ ಸಲ ಪುಡಿ ಇನ್ನೂ ಸ್ವಲ್ಪ ಕಡಿಮೆ ಮಾಡೋಣ’ ಎಂದ.

ಕೈಲ್ ಪೊಳ್ದಿನ ದಿನ ಎಂದಿನಂತೆ ಕೋವಿಯನ್ನು ದೀಪದ ಮುಂದಿಟ್ಟು ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿದೆವು. ಬೋಲ್ಟ್ ಇರಲಿಲ್ಲ, ಅದು ಇನ್ನೂ ಕಮ್ಮಾರನ ಬಳಿಯೇ ಇದೆ.