ಐಇಡಿಬಿ: ಲಸಿಕೆಯ ಹುಡುಕಾಟಕ್ಕೆ ನೆರವಾಗುವ ದತ್ತಕೋಶದ ವಿಮರ್ಶೆ

ರೋಗನಿರೋಧಕ ವ್ಯವಸ್ಥೆಯನ್ನು ಗಣಕದ ನೆರವಿನಿಂದ ಅಭ್ಯಸಿಸುವವರು ಒಂದಲ್ಲ ಒಂದು ದಿನ ಇಮ್ಯೂನ್ ಎಪಿಟೋಪ್ ಡೇಟಾಬೇಸ್, ಅಂದರೆ ಐಇಡಿಬಿಯನ್ನು ತೆರೆದೇ ತೆರೆಯುತ್ತಾರೆ. ಕ್ಯಾಲಿಫೋರ್ನಿಯದ ಲಾ ಹೋಯಾ ಇಮ್ಯೂನಾಲಜಿ ಸಂಸ್ಥೆಯು ಅಮೆರಿಕ ಸರ್ಕಾರದ ಅನುದಾನದಿಂದ ರೂಪಿಸಿರುವ ಈ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳೂ ಪ್ರತಿಕಾಯಗಳೂ ಗುರುತಿಸುವ ಪ್ರೋಟೀನ್ ತುಣುಕುಗಳ, ಅಂದರೆ ಎಪಿಟೋಪ್‌ಗಳ ಬಗ್ಗೆ ಪ್ರಕಟವಾದ ಪ್ರಯೋಗಗಳನ್ನು ತಜ್ಞರು ಓದಿ ಇಲ್ಲಿ ದಾಖಲಿಸುತ್ತಾರೆ.

ಇದರ ಬೆಲೆ ತಿಳಿಯಲು ಒಂದು ಲೆಕ್ಕ ಸಾಕು. ಕೊರೊನಾ ವೈರಸ್ಸಿನ ಸ್ಪೈಕ್ ಪ್ರೋಟೀನಿನಲ್ಲಿ 1273 ಅಮೈನೋ ಆಮ್ಲಗಳಿವೆ. ಅದನ್ನು ಒಂದೊಂದೇ ಸ್ಥಾನ ಸರಿಸುತ್ತಾ ಒಂಬತ್ತೊಂಬತ್ತು ಅಮೈನೋ ಆಮ್ಲಗಳ ತುಣುಕುಗಳಾಗಿ ನೋಡಿದರೆ 1265 ತುಣುಕುಗಳು ಸಿಗುತ್ತವೆ, ಮತ್ತು ಪ್ರತಿಯೊಂದನ್ನೂ ಹತ್ತಾರು ಎಚ್‌ಎಲ್‌ಎ (ತುಣುಕನ್ನು ಜೀವಕೋಶದ ಹೊರಮೈಯಲ್ಲಿ ಹಿಡಿದು ಟಿ-ಕೋಶಗಳಿಗೆ ತೋರಿಸುವ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಅಣು) ಬಗೆಗಳೊಂದಿಗೆ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಬಹಳ ಕಾಲ ಹಿಡಿಯುವ ಕೆಲಸ. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ನೆಟ್‌ಎಂಎಚ್‌ಸಿಪ್ಯಾನ್ ಎಂಬ ನರಜಾಲ (ಮಾಹಿತಿಯಿಂದ ಕಲಿಯುವ ಗಣಕ ಮಾದರಿ) ವಿಧಾನವು ಇಲ್ಲಿ ಲಭ್ಯವಿದ್ದು, ಯಾವ ತುಣುಕು ಎಚ್‌ಎಲ್‌ಎಗೆ ಗಟ್ಟಿಯಾಗಿ ಅಂಟಿಕೊಳ್ಳಬಹುದೆಂದು ಶ್ರೇಣಿ ಹಾಕಿಕೊಡುತ್ತದೆ. ಶ್ರೇಣಿಯ ಅಂಕಿ ಕಡಿಮೆಯಿದ್ದಷ್ಟೂ ಅಂಟಿಕೆ ಗಟ್ಟಿ ಎಂಬುದನ್ನು ಹೊಸಬರು ನೆನಪಿಡಬೇಕು.

ಈ ಊಹೆಗಳು ಬರಿಯ ಕಾಗದದ ಮೇಲೆ ಉಳಿಯಲಿಲ್ಲ. 2020ರಲ್ಲಿ ಲಾ ಹೋಯಾ ಸಂಸ್ಥೆಯ ಅಲೆಸಾಂಡ್ರೊ ಸೆಟ್ಟೆ ಮತ್ತು ಸಹೋದ್ಯೋಗಿಗಳು ಗಣಕದಿಂದ ಊಹಿಸಿ ಆರಿಸಿದ ತುಣುಕುಗಳನ್ನೂ ಸೇರಿಸಿಕೊಂಡು ಕೋವಿಡ್‌ನಿಂದ ಗುಣಮುಖರಾದವರ ರಕ್ತವನ್ನು ಪರೀಕ್ಷಿಸಿದಾಗ, ಅವರೆಲ್ಲರಲ್ಲೂ ಸಿಡಿ4 (ನೆರವಾಗುವ) ಟಿ-ಕೋಶಗಳ ಪ್ರತಿಕ್ರಿಯೆಯೂ, ಸುಮಾರು 70 ಪ್ರತಿಶತ ಮಂದಿಯಲ್ಲಿ ಸಿಡಿ8 (ಸೋಂಕಿತ ಕೋಶಗಳನ್ನು ಕೊಲ್ಲುವ) ಟಿ-ಕೋಶಗಳ ಪ್ರತಿಕ್ರಿಯೆಯೂ ಕಂಡವು. ಅಧ್ಯಯನಕ್ಕೆ ಒಳಪಟ್ಟವರು ಕೇವಲ 20 ಮಂದಿ. ಆದರೂ ಸಾಂಕ್ರಾಮಿಕದ ಆ ಮೊದಲ ತಿಂಗಳುಗಳಲ್ಲಿ ಅದು ದೊಡ್ಡ ಭರವಸೆ ನೀಡಿತು.

ಆದರೂ ಅಂಟಿಕೊಳ್ಳುವುದೇ ಪ್ರತಿಕ್ರಿಯೆಯಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ತುಣುಕು ಜೀವಕೋಶದೊಳಗೆ ಸರಿಯಾಗಿ ಕತ್ತರಿಸಲ್ಪಡಬೇಕು, ಹೊರಮೈಗೆ ಬರಬೇಕು, ಅದನ್ನು ಗುರುತಿಸುವ ಟಿ-ಕೋಶವೂ ಆ ದೇಹದಲ್ಲಿ ಇರಬೇಕು. ಹೀಗಿರುವಾಗ, ಊಹೆಯ ಪಟ್ಟಿಯೊಂದನ್ನೇ ಲಸಿಕೆಯ ವಿನ್ಯಾಸವೆಂದು ಮುಂದಿಡುವ ಬರಹಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಪ್ರತಿಕಾಯಗಳ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಅವು ಬಹುಪಾಲು ಪ್ರೋಟೀನಿನ ಮಡಿಚಿದ ಆಕಾರವನ್ನು ಹಿಡಿಯುತ್ತವೆ. ಅಮೈನೋ ಆಮ್ಲಗಳ ನೇರ ಸರಣಿಯನ್ನಷ್ಟೇ ನೋಡುವ ಸಾಧನಕ್ಕೆ ಆ ಆಕಾರ ಕಾಣದು.

ನಮ್ಮವರಿಗೆ ಅತ್ಯಂತ ಉಪಯುಕ್ತವೆನಿಸುವುದು ಜನಸಂಖ್ಯಾ ವ್ಯಾಪ್ತಿಯನ್ನು, ಅಂದರೆ ಎಚ್‌ಎಲ್‌ಎ ಬಗೆಗಳ ಆಧಾರದ ಮೇಲೆ ಎಷ್ಟು ಪಾಲು ಜನ ಆ ತುಣುಕುಗಳಿಗೆ ಪ್ರತಿಕ್ರಿಯಿಸಬಹುದೆಂಬುದನ್ನು ಲೆಕ್ಕಹಾಕುವ ಸಾಧನ. ಪ್ರಯೋಗಗಳ ಮಾಹಿತಿ ಎಚ್‌ಎಲ್‌ಎ-ಎ*02:01 ಬಗೆಯ ಕಡೆಗೆ ಬಹಳ ವಾಲಿದೆ, ಆದರೆ ಭಾರತೀಯರಲ್ಲಿ ಎ*33:03, ಎ*02:11 ಮುಂತಾದವೂ ಗಮನಾರ್ಹವಾಗಿ ಕಾಣಸಿಗುತ್ತವೆ. ಹೀಗಾಗಿ ಅವುಗಳನ್ನೂ ಸೇರಿಸಿಯೇ ಲೆಕ್ಕ ಮಾಡಬೇಕು.

ಮೊದಲ ಬಾರಿ ಬಳಸುವ ವಿದ್ಯಾರ್ಥಿಯು ಫ್ಲೂ ವೈರಸ್ಸಿನ ಮ್ಯಾಟ್ರಿಕ್ಸ್ ಪ್ರೋಟೀನಿನ ಪ್ರಸಿದ್ಧ ತುಣುಕಾದ ಜಿಐಎಲ್‌ಜಿಎಫ್‌ವಿಎಫ್‌ಟಿಎಲ್ (GILGFVFTL, ಒಂದೊಂದು ಅಕ್ಷರವೂ ಒಂದು ಅಮೈನೋ ಆಮ್ಲ) ಅನ್ನು ಹುಡುಕಿ, ಎ*02:01ಕ್ಕೆ ಗಣಕ ಊಹಿಸಿದ ಶ್ರೇಣಿಯನ್ನೂ ಪ್ರಯೋಗಾಲಯಗಳು ಅಳೆದ ಫಲಿತಾಂಶಗಳನ್ನೂ ಅಕ್ಕಪಕ್ಕ ಇಟ್ಟು ಓದಲಿ.